ಸ್ಲಡ್ಜ್ ಎಷ್ಟು ಬೇಗ ನೀರು ಬಿಡುತ್ತದೆ: ಅಳೆಯುವ ಕ್ರಮ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ) ದುಡಿಯುವವರಿಗೆ, ಸ್ಲಡ್ಜನ್ನು, ಅಂದರೆ ಕೊಳಚೆ ನೀರಿನಿಂದ ಬೇರ್ಪಟ್ಟ ಕೆಸರನ್ನು, ಬಟ್ಟೆಗಳ ನಡುವೆ ಒತ್ತಿ ನೀರು ಹಿಂಡುವ ಫಿಲ್ಟರ್ ಪ್ರೆಸ್ ಬಿಚ್ಚಿದಾಗ ಗಟ್ಟಿ ಕೇಕ್ ಬೀಳುವ ಬದಲು ಅಂಬಲಿಯಂಥ ಕೆಸರು ಬಟ್ಟೆಯಿಂದ ಜಾರುವುದು ಹೊಸ ಸಂಗತಿಯಲ್ಲ. ಆಗ ಇನ್ನಷ್ಟು ಪಾಲಿಮರ್ (ಸ್ಲಡ್ಜ್‌ನ ಸಣ್ಣ ಕಣಗಳನ್ನು ಗಂಟು ಕಟ್ಟಿಸಿ ನೀರು ಬಿಡಿಸುವ ರಾಸಾಯನಿಕ) ಸುರಿಯುವುದು ರೂಢಿ. ಆದರೆ ಅಳೆಯದೆ ಸುರಿದ ಪಾಲಿಮರ್ ಎಷ್ಟೋ ಸಲ ತೊಂದರೆಯನ್ನೇ ಹೆಚ್ಚಿಸುತ್ತದೆ. ಶೇ 2ರಷ್ಟು ಘನಾಂಶವಿರುವ 1,000 ಕೆ.ಜಿ. ಸ್ಲಡ್ಜ್ ಶೇ 20ರ ಕೇಕ್ ಆದರೆ ಸಾಗಿಸಬೇಕಾದ ತೂಕ 100 ಕೆ.ಜಿ.ಗೆ ಇಳಿಯುತ್ತದೆ, ಆದ್ದರಿಂದ ಅಳತೆಗೆ ಕೊಡುವ ಅರ್ಧ ದಿನ ದಂಡವಲ್ಲ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಸಿಎಸ್‌ಟಿ (ಕ್ಯಾಪಿಲರಿ ಸಕ್ಷನ್ ಟೈಮ್) ಪರೀಕ್ಷೆ, ಅಂದರೆ ಕಾಗದವು ಸ್ಲಡ್ಜ್‌ನಿಂದ ನೀರು ಹೀರಲು ತೆಗೆದುಕೊಳ್ಳುವ ಕಾಲದ ಅಳತೆ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಾಸ್ಕರ್‌ವಿಲ್ ಮತ್ತು ಗೇಲ್ ಇದನ್ನು ರೂಪಿಸಿದರು. ದಪ್ಪನೆಯ ವಾಟ್‌ಮನ್ 17 ಕಾಗದದ ಮೇಲೆ 18 ಮಿ.ಮೀ. ಒಳವ್ಯಾಸದ ಉಕ್ಕಿನ ಕೊಳವೆಯನ್ನು ನಿಲ್ಲಿಸಿ, ಅದರಲ್ಲಿ ಸುಮಾರು 6 ಮಿ.ಲೀ. ಸ್ಲಡ್ಜ್ ತುಂಬಬೇಕು. ಕೊಳವೆಯ ಸುತ್ತ ಒದ್ದೆಯ ಉಂಗುರ ಮೆಲ್ಲಗೆ ಹರಡುತ್ತದೆ. ಅದು 32 ಮಿ.ಮೀ. ವ್ಯಾಸದ ವೃತ್ತವನ್ನು ಮುಟ್ಟಿದಾಗ, ಕಾಗದಕ್ಕೆ ತಾಗಿರುವ ಸಂವೇದಕದ ಮೊನೆಗಳ ಮೂಲಕ ಗಡಿಯಾರ ತಾನಾಗಿ ಶುರುವಾಗಿ, 45 ಮಿ.ಮೀ. ವೃತ್ತವನ್ನು ಮುಟ್ಟಿದಾಗ ನಿಲ್ಲುತ್ತದೆ. ಸೆಕೆಂಡು ಹೆಚ್ಚಾದಷ್ಟೂ ಸ್ಲಡ್ಜ್ ನೀರನ್ನು ಬಿಗಿಯಾಗಿ ಹಿಡಿದುಕೊಂಡಿದೆ ಎಂದರ್ಥ.

ಸ್ಲಡ್ಜ್ ಮಾದರಿಯನ್ನು ಪ್ರೆಸ್‌ಗೆ ಹೋಗುವ ಪೈಪಿನಿಂದಲೇ, ಒಂದೆರಡು ನಿಮಿಷ ಹರಿಯಬಿಟ್ಟ ನಂತರ, ಕೈಗವಸು ಹಾಕಿಕೊಂಡು ಹಿಡಿಯಿರಿ ಮತ್ತು ಅಂದೇ ಪರೀಕ್ಷಿಸಿ. ರಾತ್ರಿಯಿಡೀ ಕ್ಯಾನಿನಲ್ಲಿ ಉಳಿದ ಸ್ಲಡ್ಜ್ ಕೊಳೆತು ಗುಣ ಬದಲಿಸಿಕೊಂಡಿರುತ್ತದೆ. ಬಿಸಿಯಿದ್ದಷ್ಟೂ ನೀರು ಬೇಗ ಹರಿಯುವುದರಿಂದ ಉಷ್ಣಾಂಶವನ್ನು ಬರೆದಿಡುವುದು ಅಗತ್ಯ. ಪ್ರತಿ ಮಾದರಿಯನ್ನೂ, ಪ್ರತಿ ಅಳತೆಗೆ ಹೊಸ ಕಾಗದ ಬಳಸಿ, ಕನಿಷ್ಠ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಎರಡು ಅಳತೆಗಳ ನಡುವೆ ಸಂವೇದಕದ ಮೊನೆಗಳನ್ನು ಪೂರ್ತಿ ಒರೆಸಲೇಬೇಕು: ನಾನು ಕೆಲಸ ಕಲಿಯುತ್ತಿದ್ದ ಘಟಕದಲ್ಲಿ ಒದ್ದೆ ಮೊನೆಯಿಂದ ಬಂದ ಸುಳ್ಳು ಅಂಕಿಯನ್ನು ನಂಬಿ, ಒಂದು ವಾರ ಪಾಲಿಮರ್ ಕಡಿಮೆ ಹಾಕಿ, ಪ್ರೆಸ್ಸಿನ ಬಟ್ಟೆಗಳೆಲ್ಲ ಕಟ್ಟಿಕೊಂಡಿದ್ದವು.

ಶುದ್ಧ ನೀರಿಗೆ ಹಿಡಿಯುವ ಕಾಲವನ್ನೂ ಅಳೆದು, ಸ್ಲಡ್ಜ್‌ನ ಕಾಲದಿಂದ ಕಳೆಯಬೇಕು. ಕಾಗದದ ಹೊಸ ಪೊಟ್ಟಣ ಒಡೆದಾಗಲೆಲ್ಲ ಇದನ್ನು ಮತ್ತೆ ಮಾಡಿ. ಉಳಿದದ್ದನ್ನು ಘನಾಂಶದಿಂದ ಭಾಗಿಸಿದರೆ ಮಾತ್ರ ತೆಳು ಸ್ಲಡ್ಜನ್ನೂ ಮಂದ ಸ್ಲಡ್ಜನ್ನೂ ಹೋಲಿಸಲು ಬರುತ್ತದೆ. ಉದಾಹರಣೆಗೆ, ಸ್ಲಡ್ಜ್‌ಗೆ 128 ಸೆಕೆಂಡು, ನೀರಿಗೆ 8 ಸೆಕೆಂಡು, ಘನಾಂಶ ಲೀಟರಿಗೆ 20 ಗ್ರಾಂ ಎಂದಾದರೆ, 120ನ್ನು 20ರಿಂದ ಭಾಗಿಸಿದಾಗ 6 ಬರುತ್ತದೆ.

ಪಾಲಿಮರ್ ಪ್ರಮಾಣವನ್ನು ಕಂಡುಕೊಳ್ಳುವುದರಲ್ಲೇ ಈ ಪರೀಕ್ಷೆಯ ನಿಜವಾದ ಬೆಲೆ ಇದೆ. ಪಾಲಿಮರ್ ಪುಡಿಯನ್ನು ಗಂಟಾಗದಂತೆ ಉದುರಿಸಿ, ಸುಮಾರು ಒಂದು ಗಂಟೆ ನಿಧಾನವಾಗಿ ಕಲಕಿ, ಶೇ 0.1ರ ದ್ರಾವಣ ಮಾಡಿಕೊಳ್ಳಿ. ಮೇಲೆ ಹೇಳಿದ ಸ್ಲಡ್ಜ್ 500 ಮಿ.ಲೀ.ನಂತೆ ಆರು ಬೀಕರುಗಳಲ್ಲಿರಲಿ. ಅವುಗಳಿಗೆ ಕ್ರಮವಾಗಿ 0, 10, 20, 30, 40, 50 ಮಿ.ಲೀ. ದ್ರಾವಣ ಹಾಕಿ, ಕಡಿಮೆ ಬಿದ್ದ ಕಡೆ ನೀರು ಸೇರಿಸಿ ಎಲ್ಲದರ ಮೊತ್ತವನ್ನು 550 ಮಿ.ಲೀ.ಗೆ ಸರಿದೂಗಿಸಿ, ಇಲ್ಲವಾದರೆ ಬರೀ ನೀರು ಬೆರೆತದ್ದರ ಪರಿಣಾಮವನ್ನೇ ಪಾಲಿಮರಿನ ಪರಿಣಾಮವೆಂದು ತಪ್ಪು ತಿಳಿಯುವಿರಿ. ಪ್ರತಿ ಬೀಕರಿನಲ್ಲೂ 10 ಗ್ರಾಂ ಘನಾಂಶ ಇರುವುದರಿಂದ ಪ್ರತಿ 10 ಮಿ.ಲೀ. ದ್ರಾವಣವೂ ಟನ್ನು ಒಣ ಘನಾಂಶಕ್ಕೆ 1 ಕೆ.ಜಿ. ಪಾಲಿಮರಿಗೆ ಸಮ. ಎಲ್ಲ ಬೀಕರನ್ನೂ ಒಂದೇ ವೇಗದಲ್ಲಿ, ಒಂದೇ ಹೊತ್ತು ಕಲಕಿ. ಜೋರಾಗಿ ಕಲಕಿದರೆ ಕಟ್ಟಿದ ಗಂಟುಗಳು ಒಡೆಯುತ್ತವೆ. ನಂತರ ಪ್ರತಿ ಬೀಕರಿನ ಸಿಎಸ್‌ಟಿ ಅಳೆದರೆ, ಪಾಲಿಮರ್ ಹೆಚ್ಚಿದಂತೆ ಸೆಕೆಂಡುಗಳು ಇಳಿಯುತ್ತಾ ಹೋಗಿ, ಒಂದು ಹಂತದ ನಂತರ ನಿಲ್ಲುತ್ತವೆ, ಇಲ್ಲವೇ ಮತ್ತೆ ಏರುತ್ತವೆ. ಉಳಿದುಹೋದ ಪಾಲಿಮರ್ ನೀರನ್ನೇ ಲೋಳೆಯಾಗಿಸುವುದು ಈ ಏರಿಕೆಗೆ ಒಂದು ಕಾರಣ. ಇಳಿಕೆ ನಿಂತ ಮೊದಲ ಪ್ರಮಾಣವನ್ನೇ ಆರಿಸಿ.

ಉಪಕರಣವಿಲ್ಲದವರು ಬುಕ್ನರ್ ಫನೆಲ್‌ನಲ್ಲಿ (ತೂತುಗಳಿರುವ ತಳದ ಮೇಲೆ ಸೋಸು ಕಾಗದ ಹಾಸುವ ಆಲಿಕೆಯಲ್ಲಿ) 200 ಮಿ.ಲೀ. ಸ್ಲಡ್ಜ್ ಹಾಕಿ, ಪ್ರತಿ ಸಲ ಒಂದೇ ನಿರ್ವಾತದಲ್ಲಿ 100 ಮಿ.ಲೀ. ನೀರು ಇಳಿಯಲು ಹಿಡಿಯುವ ಕಾಲವನ್ನು ಅಳೆಯಬಹುದು.

ಈ ಎರಡೂ ಪರೀಕ್ಷೆಗಳು ನೀರು ಬಿಡುವ ವೇಗವನ್ನು ತಿಳಿಸುತ್ತವೆಯೇ ಹೊರತು, ಕೊನೆಗೆ ಕೇಕ್ ಎಷ್ಟು ಒಣಗಿರುತ್ತದೆ ಎಂಬುದನ್ನಲ್ಲ. ಹಾಗಾಗಿ ಪ್ರೆಸ್ಸಿನಿಂದ ಬಿದ್ದ ಕೇಕಿನ ಒಂದು ತುಂಡನ್ನು ತೂಗಿ, 103ರಿಂದ 105 ಡಿಗ್ರಿ ಸೆಲ್ಸಿಯಸ್ಸಿನ ಓವನ್ನಿನಲ್ಲಿ ತೂಕ ಬದಲಾಗದೆ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ, ಆ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಅಂದಿನ ಸಿಎಸ್‌ಟಿಯ ಪಕ್ಕದಲ್ಲೇ ಬರೆಯಿರಿ.