ಎರಡು ಆಫ್‌ವೈಟ್, ಒಂದು ಕೆಂಪು ನೆಲ

ಮೈಸೂರಿನ ನಮ್ಮ ಹಳೇ ಮನೆಯ ಉತ್ತರದ ರೂಮಿಗೆ ಪೇಂಟ್ ಆರಿಸುವಾಗ ಕೊನೆಗೆ ಉಳಿದದ್ದು ಎರಡು ಆಫ್‌ವೈಟ್. ಒಂದು ಕೆನೆಬಣ್ಣದ ಕಡೆಗೆ, ಇನ್ನೊಂದು ತುಸು ಬೂದು. "ಎರಡೂ ಸುಣ್ಣದ ಥರಾನೇ ಇದೆಯಲ್ಲೋ" ಅಂದರು ಅಮ್ಮ. ಶೇಡ್ ಕಾರ್ಡಿನ ಪಕ್ಕ ಬಿಳಿ ಪ್ರಿಂಟರ್ ಹಾಳೆ ಇಟ್ಟ ಮೇಲೆ ಗುಟ್ಟು ಹೊರಬಿತ್ತು: ಒಂದರೊಳಗೆ ಹಳದಿ, ಇನ್ನೊಂದರೊಳಗೆ ಹಸಿರಿನ ಎಳೆ.

ಪೇಂಟರ್ ಗೋಡೆ ಮೇಲೇ ಎರಡು ಪಟ್ಟೆ ಎಳೆದು ತೋರಿಸ್ತೀನಿ ಅಂದರು. ಬೇಡ ಅಂದೆ. ಹಳೇ ಗೋಡೆ ತಿಳಿಹಸಿರು. ಅದರ ಪಕ್ಕ ಯಾವ ಬಿಳಿಯೂ ಗುಲಾಬಿ ಹೊಡೆಯುತ್ತದೆ. ಸ್ಯಾಂಪಲ್ ಡಬ್ಬಿ ತಂದು ಡ್ರಾಯಿಂಗ್ ಶೀಟಿಗೆ ಎರಡೆರಡು ಕೋಟ್ ಹೊಡೆದು ಪೂರ್ತಿ ಒಣಗಿಸಿದೆ. ಎಮಲ್ಷನ್ ಹಸಿಯಿದ್ದಾಗ ಒಂದು ಬಣ್ಣ, ಒಣಗಿದಾಗ ಸಾಮಾನ್ಯವಾಗಿ ತುಸು ಗಾಢ.

ಶೀಟುಗಳನ್ನು ಕಿಟಕಿ ಪಕ್ಕ, ಎದುರು ಗೋಡೆ, ಮೂಲೆ ಎಲ್ಲ ಕಡೆ ಅಂಟಿಸಿ ನೋಡಿದೆ. ತೀರ್ಪು ಕೊಟ್ಟದ್ದು ನೆಲ. ನಮ್ಮದು ರೆಡ್ ಆಕ್ಸೈಡ್, ದಶಕಗಳಿಂದ ಒರೆಸಿ ಒರೆಸಿ ಹೊಳಪೇರಿದ್ದು. ಅದಕ್ಕೆ ಬಿದ್ದ ಬೆಳಕು ಕೆಂಪಾಗಿ ಗೋಡೆಗೆ ಏರುತ್ತದೆ. ಮೊಣಕಾಲೆತ್ತರದಲ್ಲಿ ಕೆನೆಬಣ್ಣ ಪೀಚ್ ಆಗಿಹೋಯಿತು. ಬೂದಿನಲ್ಲಿದ್ದ ಹಸಿರು ಆ ಕೆಂಪನ್ನು ನುಂಗಿಕೊಂಡು, ಬಿಳಿಯಾಗೇ ನಿಂತಿತು.

ಉತ್ತರದ ರೂಮಿಗೆ ಬೆಚ್ಚನೆಯ ಬಣ್ಣವೇ ಬೇಕು ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. ಅದು ಚಳಿದೇಶದವರ ಲೆಕ್ಕ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮೈಸೂರಲ್ಲಿ ಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ; ಬೆಳಿಗ್ಗೆ, ಸಂಜೆ ಈ ಕಿಟಕಿಗೇ ಬಿಸಿಲು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬರೀ ಆಕಾಶದ ತಣ್ಣನೆಯ ಬೆಳಕು.

ರಾತ್ರಿಯದ್ದೇ ಬೇರೆ ಕಥೆ. 6500 ಕೆಲ್ವಿನ್ನಿನ, ಅಂದರೆ ನೀಲಿ ಛಾಯೆಯ ಬಿಳಿ ಬೆಳಕಿನ ಎಲ್‌ಇಡಿ ಕೆಳಗೆ ಬೂದು ಶೀಟು ಆಸ್ಪತ್ರೆ ವಾರ್ಡಿನಂತಿತ್ತು. ಆ ಬಣ್ಣವನ್ನು ಕೈಬಿಡಲಿಲ್ಲ, ಬಲ್ಬ್ ಬದಲಿಸಿ ಬೆಚ್ಚನೆ ಹಳದಿ ಬೆಳಕಿನ 3000ದ್ದು ಹಾಕಿದೆ. ಪೇಂಟಿಗಿಂತ ಬಲ್ಬ್ ಅಗ್ಗ.

ಗೋಡೆ ಮುಗಿದ ಮೇಲೆ ಪೇಂಟರ್ ಕೇಳಿದರು, "ಸಾರ್, ಸೀಲಿಂಗಿಗೆ ವೈಟ್ ತಾನೇ?" ಅಚ್ಚ ಬಿಳಿ ಮೇಲೆ ಬಂದರೆ ಕೆಳಗಿನ ಬೂದು ಕೊಳೆಯಾದಂತೆ ಕಾಣುತ್ತದೆ. ಗೋಡೆಯ ಬಣ್ಣವನ್ನೇ ಹೊಳಪಿಲ್ಲದ ಮ್ಯಾಟ್‌ನಲ್ಲಿ ಮೇಲಕ್ಕೂ ಹೊಡೆಸಿದೆ. ಅವರಿಗೆ ಅದು ಇನ್ನೂ ಒಪ್ಪಿಗೆಯಾಗಿಲ್ಲ.