ಜಿಐಎಸ್ ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಹೇಗೆ? ಎಡವೋದೆಲ್ಲ ಮೆಥಡ್ ಚಾಪ್ಟರ್‌ನಲ್ಲೇ

ಸ್ಟೂಡೆಂಟ್ಸ್ ಬರೆದ ಜಿಐಎಸ್ (ಕಂಪ್ಯೂಟರ್‌ನಲ್ಲಿ ಮ್ಯಾಪ್ ಮಾಡಿ ಜಾಗದ ಡೇಟಾ ವಿಶ್ಲೇಷಿಸೋ ವ್ಯವಸ್ಥೆ) ರಿಪೋರ್ಟ್ ಎಷ್ಟು ಓದಿದ್ರೂ ಅದೇ ಕಥೆ. ಮ್ಯಾಪ್ ಚೆನ್ನಾಗಿರುತ್ತೆ, ಕೆಲಸಾನೂ ನಿದ್ದೆಗೆಟ್ಟು ಮಾಡಿರ್ತಾರೆ, ಆದ್ರೆ ಆ ಮ್ಯಾಪ್ ಹೇಗೆ ಬಂತು ಅಂತ ಹುಡುಕಿದ್ರೆ ರಿಪೋರ್ಟಲ್ಲಿ ಎಲ್ಲೂ ಸಿಗಲ್ಲ. ನಿಮ್ಮ ರಿಪೋರ್ಟ್ ಮುಂದಿಟ್ಕೊಂಡು ಬೇರೆಯವರು ಅದೇ ಡೇಟಾದಿಂದ ಅದೇ ಉತ್ತರಕ್ಕೆ ಬರೋ ಹಾಗಿರ್ಬೇಕು.

ಮೊದ್ಲು ಪ್ರಶ್ನೆ ಬರ್ಕೊಳ್ಳಿ, ಒಂದೇ ವಾಕ್ಯದಲ್ಲಿ. 'ಭೂಬಳಕೆ ಅಧ್ಯಯನ' ಅನ್ನೋದು ಪ್ರಶ್ನೆ ಅಲ್ಲ. 'ರಸ್ತೆ ದಾರೀಲಿ ಆಸ್ಪತ್ರೆಯಿಂದ 5 ಕಿ.ಮೀ.ಗಿಂತ ದೂರ ಇರೋ ಹಳ್ಳಿಗಳು ಯಾವುವು' ಅನ್ನೋದು ಪ್ರಶ್ನೆ.

ಆಮೇಲೆ ಡೇಟಾ ಟೇಬಲ್. ಪ್ರತಿ ಲೇಯರ್‌ಗೂ (ರಸ್ತೆ, ನದಿ, ಹಳ್ಳಿ ಹೀಗೆ ಮ್ಯಾಪ್‌ನ ಒಂದೊಂದು ಪದರಕ್ಕೂ) ಒಂದು ಸಾಲು: ಯಾರು ತಯಾರಿಸಿದ್ದು, ಯಾವ ದಿನಾಂಕದ್ದು, ರೆಸಲ್ಯೂಶನ್ ಎಷ್ಟು, ಕೋಆರ್ಡಿನೇಟ್ ಸಿಸ್ಟಮ್ (ಜಾಗವನ್ನ ಅಂಕಿಯಲ್ಲಿ ಗುರುತಿಸೋ ಪದ್ಧತಿ) ಯಾವುದು. 'ಇಂಟರ್ನೆಟ್‌ನಿಂದ ಪಡೆಯಲಾಗಿದೆ' ಅಂತ ಬರೆದ್ರೆ ಏನೂ ಬರೆಯದ ಹಾಗೇನೇ. ಡೌನ್‌ಲೋಡ್ ಮಾಡಿದ ದಿನ ಬೇರೆ, ಡೇಟಾದ ದಿನ ಬೇರೆ. ಎಸ್‌ಆರ್‌ಟಿಎಂ ಅನ್ನೋ ಸ್ಪೇಸ್ ಶಟಲ್ ರಾಡಾರ್‌ನ ಎತ್ತರದ ಡೇಟಾ ಇವತ್ತು ಇಳಿಸಿಕೊಂಡ್ರೂ ಅದು ಅಳೆದಿದ್ದು 2000ದ ಫೆಬ್ರವರಿಯಲ್ಲಿ, ಆಮೇಲೆ ತೋಡಿದ ಕಲ್ಲುಕ್ವಾರಿ ಅದರಲ್ಲಿ ಇರೋದೇ ಇಲ್ಲ.

ಈಗ ಮೆಥಡ್, ಜಾಸ್ತಿ ಟೈಮ್ ಇಲ್ಲೇ ಕೊಡಿ. 'ಬಫರ್ ಟೂಲ್ ಓಪನ್ ಮಾಡಿ ಓಕೆ ಕ್ಲಿಕ್ ಮಾಡಲಾಯಿತು' ಅಂತ ಬರೀಬೇಡಿ, ಸಾಫ್ಟ್‌ವೇರ್ ಸ್ಕ್ರೀನ್‌ಶಾಟ್‌ಗಳನ್ನ ಹಾಕಿ ಪುಟ ತುಂಬಿಸೋದು ಅಂತೂ ಬೇಡವೇ ಬೇಡ. ಯಾವ ಲೇಯರ್ ಮೇಲೆ ಏನು ಮಾಡಿದ್ರಿ, ಯಾವ ಬೆಲೆ (ವ್ಯಾಲ್ಯೂ) ಕೊಟ್ರಿ, ಆ ಬೆಲೆ ಯಾಕೆ, ಈ ಮೂರೂ ಇರ್ಬೇಕು. ನದಿಗೆ 500 ಮೀಟರ್ ಬಫರ್ (ಸುತ್ತ ಅಷ್ಟು ದೂರದ ಪಟ್ಟಿ) ಹಾಕಿದ್ರೆ 500 ಎಲ್ಲಿಂದ ಬಂತು, 300 ಯಾಕಾಗಲ್ಲ ಅಂತ ಬರೀರಿ.

ಕೋಆರ್ಡಿನೇಟ್ ಸಿಸ್ಟಮ್ ಬಗ್ಗೆ ಒಂದು ಪೂರ್ತಿ ಪ್ಯಾರಾ ಬರೀಲೇಬೇಕು. ಇಪಿಎಸ್‌ಜಿ ಅನ್ನೋದು ಈ ಸಿಸ್ಟಮ್‌ಗಳ ನಂಬರ್ ಪಟ್ಟಿ. ಅದರ 4326ರಲ್ಲಿ (ಅಕ್ಷಾಂಶ-ರೇಖಾಂಶ) ಅಳತೆ ಡಿಗ್ರಿಯಲ್ಲಿ ಇರುತ್ತೆ, ಭೂಮಧ್ಯರೇಖೆ ಹತ್ರ ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿ.ಮೀ., ಅಂಥ ಲೇಯರ್‌ಗೆ 500 ಅಂತ ಬಫರ್ ಕೊಟ್ರೆ ಅದು 500 ಡಿಗ್ರಿ ಆಗಿ ಇಡೀ ಭೂಮಿಯನ್ನೇ ನುಂಗುತ್ತೆ. ಹಾಗಂತ 3857ಕ್ಕೆ (ವೆಬ್ ಮ್ಯಾಪ್‌ಗಳಲ್ಲಿ ಬಳಸೋದು) ಹೋದ್ರೂ ಆಗಲ್ಲ, ಅಲ್ಲಿ ಮೀಟರ್ ಅಂತ ತೋರಿಸುತ್ತೆ ನಿಜ, ಆದ್ರೆ 60 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು ಬರುತ್ತೆ. ಚಿಕ್ಕ ಪ್ರದೇಶ ಆದ್ರೆ ಯುಟಿಎಂ (ಭೂಮಿಯನ್ನ ಉದ್ದುದ್ದ ಝೋನ್‌ಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯೋ ಸಿಸ್ಟಮ್) ಸಾಕು, ಅದರ ಒಂದೊಂದು ಝೋನ್ 6 ಡಿಗ್ರಿ ಅಗಲ. ಎರಡ್ಮೂರು ಝೋನ್ ದಾಟಿ ವಿಸ್ತೀರ್ಣ ಅಳೆಯೋದಿದ್ರೆ ಈಕ್ವಲ್ ಏರಿಯಾ ಪ್ರೊಜೆಕ್ಷನ್ (ವಿಸ್ತೀರ್ಣ ಬದಲಾಗದ ಹಾಗೆ ಗುಂಡು ಭೂಮಿಯನ್ನ ಚಪ್ಪಟೆ ಮ್ಯಾಪ್‌ಗೆ ತರೋ ವಿಧಾನ) ತಗೊಳ್ಳಿ. ಇನ್ನೊಂದು, ಪ್ರೊಜೆಕ್ಷನ್ ಅಸೈನ್ ಮಾಡೋದು ಬರೀ ಲೇಬಲ್ ಬದಲಾಯಿಸುತ್ತೆ, ರೀಪ್ರೊಜೆಕ್ಟ್ ಮಾಡಿದ್ರೆ ಮಾತ್ರ ಅಂಕಿಗಳು ಬದಲಾಗೋದು, ನೀವು ಮಾಡಿದ್ದು ಯಾವುದು ಅಂತ ಸ್ಪಷ್ಟವಾಗಿ ಬರೀರಿ.

ರೀಸ್ಯಾಂಪ್ಲಿಂಗ್‌ನ (ಪಿಕ್ಸೆಲ್ ಗಾತ್ರ ಅಥವಾ ಪ್ರೊಜೆಕ್ಷನ್ ಬದಲಾದಾಗ ಹೊಸ ಪಿಕ್ಸೆಲ್‌ಗಳಿಗೆ ಬೆಲೆ ತುಂಬೋದು) ಯಾರೂ ಬರಿಯೋದೇ ಇಲ್ಲ. ಭೂಬಳಕೆ ರಾಸ್ಟರ್‌ನಲ್ಲಿ (ಪಿಕ್ಸೆಲ್‌ಗಳ ಮ್ಯಾಪ್) 2 ಅಂದ್ರೆ ಕಾಡು, 3 ಹೊಲ, 4 ನೀರು ಅಂತ ಇಟ್ಕೊಳ್ಳಿ. ಬೈಲೀನಿಯರ್ ವಿಧಾನ ಕೊಟ್ರೆ ಅದು ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತೆ, ಕಾಡು ಮತ್ತು ಕೆರೆ ಸೇರೋ ಅಂಚಲ್ಲಿ ಇಲ್ಲದ ಹೊಲ ಹುಟ್ಕೊಳ್ಳುತ್ತೆ. ಕ್ಲಾಸ್ ಇರೋ ಡೇಟಾಗೆ ನಿಯರೆಸ್ಟ್ ನೇಬರ್ (ಹತ್ತಿರದ ಪಿಕ್ಸೆಲ್‌ನ ಬೆಲೆಯನ್ನೇ ತಗೊಳ್ಳೋದು) ಕೊಡಿ, ಕೊಟ್ಟಿದ್ದನ್ನ ಬರೀರಿ.

ಮಾಡಿದ್ದೆಲ್ಲ ನೆನಪಿಲ್ವಾ? ಕ್ಯೂಜಿಐಎಸ್‌ನ (ಉಚಿತ ಜಿಐಎಸ್ ಸಾಫ್ಟ್‌ವೇರ್) ಪ್ರೊಸೆಸಿಂಗ್ ಹಿಸ್ಟರಿ ತೆಗೆದು ನೋಡಿ, ಅಲ್ಲಿಂದ ಓಡಿಸಿದ ಟೂಲ್‌ಗಳು ಕೊಟ್ಟ ಬೆಲೆಗಳ ಸಮೇತ ಇರುತ್ತೆ. ಅದನ್ನೇ ಕಾಪಿ ಪೇಸ್ಟ್ ಮಾಡ್ಬೇಡಿ, ನೋಡ್ಕೊಂಡು ನಿಮ್ಮ ಮಾತಲ್ಲಿ ಬರೀರಿ. ಹಾಗೇ ಲೇಯರ್ ಸೇವ್ ಮಾಡೋವಾಗ ಶೇಪ್‌ಫೈಲ್ ಫಾರ್ಮ್ಯಾಟ್ ಬಿಟ್ಟು ಜಿಯೋಪ್ಯಾಕೇಜ್ ಫಾರ್ಮ್ಯಾಟ್ ಬಳಸಿ, ಶೇಪ್‌ಫೈಲಲ್ಲಿ ಕಾಲಮ್ ಹೆಸರು 10 ಅಕ್ಷರಕ್ಕೆ ಕತ್ತರಿಸಿ ಹೋಗುತ್ತೆ, ರಿಪೋರ್ಟ್ ಬರೆಯೋ ಹೊತ್ತಿಗೆ ಯಾವ ಕಾಲಮ್ ಏನು ಅಂತ ನಿಮಗೇ ಗೊತ್ತಾಗಲ್ಲ.

ಮ್ಯಾಪ್‌ಗೆ ಲೆಜೆಂಡ್, ಉತ್ತರ ದಿಕ್ಕು, ಸ್ಕೇಲ್ ಬಾರ್, 300 ಡಿಪಿಐ. '1:50,000' ಅಂತ ಅಂಕಿಯಲ್ಲಿ ಬರೀಬೇಡಿ, ವರ್ಡ್‌ನಲ್ಲಿ ಚಿತ್ರ ಚಿಕ್ಕದು ಮಾಡಿದ ಕೂಡ್ಲೇ ಅದು ಸುಳ್ಳಾಗುತ್ತೆ, ಬಾರ್ ಆದ್ರೆ ಚಿತ್ರದ ಜೊತೆಗೇ ಕುಗ್ಗುತ್ತೆ. ಲೆಜೆಂಡ್‌ನಲ್ಲಿ 'ಕ್ಲಿಪ್_ಫೈನಲ್_2' ಅನ್ನೋ ಥರದ ಹೆಸರು ಉಳಿದಿದ್ರೆ ತೆಗೀರಿ. ಜನಸಂಖ್ಯೆಗೆ ಬಣ್ಣ ತುಂಬೋವಾಗ ಒಟ್ಟು ಸಂಖ್ಯೆ ಬೇಡ, ಸಾಂದ್ರತೆ ಹಾಕಿ, ಇಲ್ಲಾಂದ್ರೆ ದೊಡ್ಡ ಪ್ರದೇಶ ಎಲ್ಲಾ ಸುಮ್ನೆ ಕಡುಬಣ್ಣ ಆಗಿ ಕಾಣುತ್ತೆ.

ಫಲಿತಾಂಶದಲ್ಲಿ ಮ್ಯಾಪ್ ಏನು ಹೇಳ್ತಿದೆ ಅಂತ ಅಂಕಿ ಸಮೇತ ಬರೀರಿ. ಕ್ಲಾಸಿಫಿಕೇಶನ್ (ಪಿಕ್ಸೆಲ್‌ಗಳನ್ನ ಕಾಡು, ಹೊಲ ಅಂತ ವಿಂಗಡಿಸೋದು) ಮಾಡಿದ್ರೆ ಎರರ್ ಮ್ಯಾಟ್ರಿಕ್ಸ್ (ಯಾವ ಕ್ಲಾಸ್ ಎಷ್ಟು ಸರಿ, ಎಷ್ಟು ತಪ್ಪು ಅಂತ ತೋರಿಸೋ ಟೇಬಲ್) ಪೂರ್ತಿ ಕೊಡಿ, ಒಟ್ಟು ನಿಖರತೆ 90% ಇದ್ರೂ ಒಂದು ಚಿಕ್ಕ ಕ್ಲಾಸ್ ಪೂರ್ತಿ ತಪ್ಪಾಗಿರ್ಬಹುದು, ಅದು ಟೇಬಲ್‌ನಲ್ಲಿ ಮಾತ್ರ ಕಾಣೋದು.

ಮುನ್ನುಡಿ ಮತ್ತು ಸಾರಾಂಶ ಕೊನೆಗೆ ಬರೀರಿ. ಸಾರಾಂಶದಲ್ಲಿ ಮೊದಲು ಬರ್ಕೊಂಡ ಪ್ರಶ್ನೆ ಇರ್ಲಿ, ಅದಕ್ಕೆ ಸಿಕ್ಕ ಉತ್ತರ ಅಂಕಿಯಲ್ಲಿ ಇರ್ಲಿ, 'ಜಿಐಎಸ್ ಒಂದು ಶಕ್ತಿಶಾಲಿ ತಂತ್ರಜ್ಞಾನ' ಅನ್ನೋ ಸಾಲು ಇದ್ರೆ ತೆಗೆದುಬಿಡಿ.