ತುಕ್ಕು ಹಿಡಿದ ಸೈಲೆನ್ಸರ್ ಬಿಚ್ಚುವ ಬಗೆ

ಕಾರಿನ ಹಿಂದಿನ ಸೈಲೆನ್ಸರ್ ಬಿಚ್ಚುವುದೆಂದರೆ ಎರಡು ಬೋಲ್ಟ್, ಮೂರ್ನಾಲ್ಕು ರಬ್ಬರ್ ಕೊಂಡಿ, ಅಷ್ಟೇ. ಆದರೂ ಅರ್ಧಕ್ಕೆ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡುವವರೇ ಹೆಚ್ಚು. ಆ ಎರಡು ಬೋಲ್ಟ್‌ಗಳದ್ದೇ ಕಿತಾಪತಿ, ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡುವ ಕಾರಿನಲ್ಲಿ ಅದು ಆವಿಯಾಗಿ ಹೊರಬೀಳುತ್ತದೆ. ಮಾರ್ಕೆಟ್ಟಿಗೂ ಶಾಲೆಗೂ ಮಾತ್ರ ಹೋಗಿಬರುವ ಕಾರಿನಲ್ಲಿ ಕೊನೆಯ ಡಬ್ಬ, ಅಂದರೆ ಈ ಸೈಲೆನ್ಸರ್, ಸರಿಯಾಗಿ ಬಿಸಿಯೇ ಆಗದೆ, ನೀರು ನಿಂತು ಒಳಗಿನಿಂದ ತಿನ್ನುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ ಹೊರಗಿನಿಂದ ಸೇರಿಕೊಳ್ಳುತ್ತದೆ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಫ್ಲ್ಯಾಂಜ್ (ಎರಡು ಪೈಪ್ ಸೇರುವ ಅಂಚು) ಬೋಲ್ಟ್‌ಗಳ ಹೊರಗೆ ಕಾಣುವ ಎಳೆಯನ್ನು (ಥ್ರೆಡ್) ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಬೆಳಿಗ್ಗೆ ಇನ್ನೊಮ್ಮೆ. ಮನೆಯಲ್ಲಿರುವ ಡಬ್ಲ್ಯುಡಿ-40 ಇದಕ್ಕೆ ಸಾಲದು, ಪೆನೆಟ್ರೇಟಿಂಗ್ ಆಯಿಲ್ ಎಂದೇ ಕೇಳಿ ತನ್ನಿ. ಬಿಸಿ ಪೈಪಿಗೆ ಯಾವ ಸ್ಪ್ರೇಯನ್ನೂ ಹೊಡೆಯಬೇಡಿ, ಹೊತ್ತಿಕೊಳ್ಳುತ್ತದೆ.

ಈಗ ಕಾರು ಎತ್ತುವುದು. ನಮ್ಮ ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವನ್ನೇ ಎತ್ತಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಗೇರಿಗೆ ಹಾಕಿ, ಮುಂದಿನ ಎರಡೂ ಚಕ್ರಗಳ ಎರಡೂ ಬದಿಗೆ ಮರದ ಅಡ್ಡ ಕೊಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ. ಸಿಮೆಂಟ್ ಬ್ಲಾಕನ್ನಂತೂ ಇಡಲೇಬೇಡಿ, ಅದು ಸದ್ದಿಲ್ಲದೆ ಬಿರಿದು ಒಮ್ಮೆಗೇ ಪುಡಿಯಾಗುತ್ತದೆ. ಎರಡು ಜಾಕ್ ಸ್ಟ್ಯಾಂಡ್ ಬೇಕೇ ಬೇಕು, ಅವನ್ನು ಬಾಡಿಯ ಅಂಚಿನಲ್ಲಿ ಕಂಪನಿ ಗುರುತು ಮಾಡಿದ ಜಾಗಕ್ಕೇ ಕೊಡಬೇಕು. ಆಕ್ಸಲ್ ಕೆಳಗೆ ಕೊಟ್ಟರೆ ಆಕ್ಸಲ್ ಮೇಲೇರಿ ನಿಂತು, ಅದರ ಮೇಲಿನಿಂದ ಬಾಗಿ ಬರುವ ಪೈಪ್ ಹೊರಬರಲು ಸಂದೇ ಉಳಿಯುವುದಿಲ್ಲ. ಇದು ಗೊತ್ತಾಗದೆ ಗಂಟೆಗಟ್ಟಲೆ ಪೈಪ್ ತಿರುಚುತ್ತಾ ಕೂರುವವರಿದ್ದಾರೆ.

ಕಣ್ಣು ಕಾಯುವ ಕನ್ನಡಕ ಹಾಕಿಕೊಂಡು ಬೋಲ್ಟ್‌ಗೆ ಬನ್ನಿ. ಸಾಮಾನ್ಯವಾಗಿ 12 ಅಥವಾ 14 ಎಂ.ಎಂ. ಆರು ಮೂಲೆಯ ಸಾಕೆಟ್ಟೇ ಆಗಬೇಕು. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯ ಮೇಲೆ ಜಾರಿ ಅದನ್ನು ಉರುಟು ಮಾಡಿಬಿಡುತ್ತದೆ, ಸ್ಕ್ರೂ ಸ್ಪ್ಯಾನರ್ ಅದಕ್ಕಿಂತ ಬೇಗ. ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಚಟ್ ಎಂದರೆ ತುಕ್ಕು ಬಿಟ್ಟಿತೆಂದು ಅರ್ಥ. ಸದ್ದಿಲ್ಲದೆ ಮೆತ್ತಗೆ ತಿರುಗಿದರೆ ಬೋಲ್ಟೇ ತಿರುಚಿಕೊಳ್ಳುತ್ತಿದೆ, ತಕ್ಷಣ ನಿಲ್ಲಿಸಿ ಮತ್ತೆ ಎಣ್ಣೆ ಹಾಕಿ. ಬಿಟ್ಟ ಮೇಲೂ ಒಂದೇ ಸಮನೆ ತಿರುಗಿಸಬೇಡಿ. ಕಾಲು ಸುತ್ತು ಹೊರಗೆ, ಅದರರ್ಧ ಒಳಗೆ. ಕೀರಲು ಸದ್ದು ಬಂದರೆ ಎಳೆ ಬಿಸಿಯಾಗಿದೆ, ಐದು ನಿಮಿಷ ಬಿಡಿ. ಸ್ಪ್ರಿಂಗ್ ಇರುವ ಬೋಲ್ಟ್‌ಗಳನ್ನು ಎರಡೂ ಕಡೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಇಲ್ಲದಿದ್ದರೆ ಜಾಯಿಂಟ್ ಓರೆಯಾಗಿ ಎರಡನೆಯದು ಸಿಕ್ಕಿಕೊಳ್ಳುತ್ತದೆ.

ತಲೆ ಉರುಟಾದರೆ ಹ್ಯಾಕ್ಸಾ ಹಿಡಿಯಿರಿ. ಗ್ಯಾಸ್ ಕಟ್ಟರ್, ಗ್ರೈಂಡರ್ ಬೇಡವೇ ಬೇಡ: ಪೆಟ್ರೋಲ್ ಟ್ಯಾಂಕ್ ಅಲ್ಲೇ ಪಕ್ಕದಲ್ಲಿದೆ.

ಬೋಲ್ಟ್ ಪೂರ್ತಿ ಕಳಚುವ ಮೊದಲು ಮುಂದಿನ ಪೈಪನ್ನು ತಂತಿಯಿಂದ ಕಾರಿನ ತಳಕ್ಕೆ ಕಟ್ಟಿ. ಜೋತುಬಿದ್ದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ವೈರ್ ಜಗ್ಗುತ್ತದೆ.

ರಬ್ಬರ್ ಕೊಂಡಿಗೆ ಸೋಪಿನ ನೀರು ಹಚ್ಚಿ, ಸ್ಕ್ರೂಡ್ರೈವರ್‌ನಿಂದ ಮೀಟಿ ಎಳೆದರೆ ಸಾಕು. ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಡಬ್ಬದ ಕೆಳಗೆ ಏನಾದರೂ ಆಸರೆ ಇಟ್ಟು, ಕೊನೆಯ ಕೊಂಡಿಯನ್ನು ಕೊನೆಗೇ ಬಿಡಿಸಿ. ಗುಜರಿಗೆ ಹೋಗುವ ಸೈಲೆನ್ಸರ್ ಆಗಿದ್ದರೆ ಆಕ್ಸಲ್ ಮೇಲೆ ನುಸುಳಿಸುವ ಸರ್ಕಸ್ ಯಾಕೆ? ಹ್ಯಾಕ್ಸಾದಿಂದ ಎರಡು ತುಂಡು ಮಾಡಿ ತೆಗೆಯಿರಿ.

ಜಾಯಿಂಟಿನ ನಡುವೆ ಕೂರುವ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ತೂತಿಗೆ ಮೆತ್ತುವ ಸೈಲೆನ್ಸರ್ ಪೇಸ್ಟ್ ದುಡ್ಡು ದಂಡ, ಒಂದು ಮಳೆಗಾಲವೂ ನಿಲ್ಲುವುದು ಕಷ್ಟ. ಹೊಸದು ಬರುವವರೆಗೆ ಕಾರನ್ನು ರಸ್ತೆಗಿಳಿಸುವಂತಿಲ್ಲ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಸೈಲೆನ್ಸರ್ ಕಡ್ಡಾಯ, ಹೊಗೆ ಒಳಗೆ ನುಗ್ಗುವುದು ಬೇರೆ. ಹೊಸ ಬೋಲ್ಟ್‌ಗಳ ಎಳೆಗೆ ಚೂರು ಕಾಪರ್ ಗ್ರೀಸ್ (ತಾಮ್ರದ ಪುಡಿ ಬೆರೆತ ಗ್ರೀಸ್) ಸವರಿಯೇ ಹಾಕಿ, ಮುಂದಿನ ಸಲ ಸ್ಪ್ಯಾನರ್ ಇಟ್ಟ ಕೂಡಲೇ ಬಿಡುತ್ತವೆ.